ಅದ್ಭುತಕಥೆಗಳ ಮೇಲಣ ಆಕ್ಷೇಪವೂ ಅದರ ಸಮಾಧಾನವೂ

ಮಕ್ಕಳ ಕೈಗೆ ಯಾವ ಪುಸ್ತಕವನ್ನು ಕೊಡತಕ್ಕದ್ದು, ಯಾವುದನ್ನು ಕೊಡತಕ್ಕದ್ದಲ್ಲ ಎಂಬ ಪ್ರಶ್ನೆಯು ಪ್ರತಿಯೊಂದು ತಲೆಮಾರಿನಲ್ಲಿಯೂ ಏಳುವಂಥದೇ ಆಗಿದೆ. ಆ ಪ್ರಶ್ನೆಯು ಏಳುವ ಮನೆಯಲ್ಲಿ ಮಕ್ಕಳ ಮೇಲೆ ಅಕ್ಕರೆಯೂ ಪುಸ್ತಕದ ಮೇಲೆ ಗೌರವವೂ ಇನ್ನೂ ಉಳಿದಿವೆಯೆಂದು ತಿಳಿಯಬೇಕು. ಪುಸ್ತಕಕ್ಕೆ ಶಕ್ತಿಯೇ ಇಲ್ಲವೆಂದು ಬಗೆದವನು ಅದಕ್ಕೆ ಹೆದರುವುದೂ ಇಲ್ಲ. ಆದರೆ ಈಚೆಗೆ ನಮ್ಮ ಚಿನ್ನದ ಗಣಿಯ ಪ್ರಾಂತದಲ್ಲಿ, ಚಾಂಪಿಯನ್ ರೀಫ್ಸ್, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ವಿದ್ಯಾವಂತ ಗೃಹಸ್ಥರ ನಡುವೆ, ಈ ಪ್ರಶ್ನೆಗೆ ಒಂದು ವಿಪರೀತವಾದ ಉತ್ತರವು ಕೇಳಿಬರುತ್ತಲಿದೆ. ಮಾಯೆ, ಮಂತ್ರ, ರಾಕ್ಷಸ, ಬೇತಾಳ, ಹಾರುವ ಕುದುರೆ, ಮಾತನಾಡುವ ಮೃಗ ಇವುಗಳುಳ್ಳ ಕಥೆಗಳನ್ನೆಲ್ಲ ಮಕ್ಕಳಿಂದ ದೂರವಿಡತಕ್ಕದ್ದು ಎಂಬುದೇ ಆ ಉತ್ತರ. ಇದು ತಪ್ಪೆಂದೂ, ಮಕ್ಕಳಿಗೆ ಅಪಾಯಕರವೆಂದೂ, ಯಾವ ಧರ್ಮದ ಹೆಸರಿನಲ್ಲಿ ಈ ಮಾತನ್ನು ಆಡುತ್ತಾರೆಯೋ ಆ ಧರ್ಮದ ಪರಂಪರೆಗೇ ಇದು ಸಲ್ಲದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಈ ಮಾತನ್ನಾಡುವವರು ಮೂರು ಬಗೆಯವರು. ಮೊದಲನೆಯವರು ನಮ್ಮ ಕಥೋಲಿಕ ಕ್ರೈಸ್ತ ಗೃಹಸ್ಥರಲ್ಲಿ ಕೆಲವರು. ಮಾಟಮಂತ್ರಗಳ ಕಥೆಯಿಂದ ಮಕ್ಕಳ ವಿಶ್ವಾಸವು ಕೆಡುವುದೆಂಬ ಭಯ ಅವರದು. ಎರಡನೆಯವರು ಹಿಂದೂ ಗೃಹಸ್ಥರಲ್ಲಿ ಕೆಲವರು. ತಮ್ಮ ಪುರಾಣದ ರಾಕ್ಷಸನಾದರೆ ಬರಬಹುದು, ಪರಮತದವರ ದೇವದೂತನು ಹೊಸ್ತಿಲು ದಾಟಕೂಡದು ಎನ್ನುವವರು. ಮೂರನೆಯವರಿಗೆ ಮತವಾವುದೂ ಅಡ್ಡಬಾರದು. ಪರೀಕ್ಷೆಗೆ ಬಾರದ ಪುಸ್ತಕವೆಲ್ಲ ಕಾಲಹರಣವೆಂಬುದೇ ಅವರ ಮತ. ಈ ಮೂವರಲ್ಲಿ ಮೊದಲನೆಯವರ ಆಕ್ಷೇಪವೇ ಗಂಭೀರವಾದದ್ದು. ಅದಕ್ಕೆ ಹಿಂದೆ ಒಂದು ಶಾಸ್ತ್ರವಿದೆ, ಒಂದು ಪಾಪಭೀತಿಯಿದೆ. ಆದುದರಿಂದ ಅದಕ್ಕೆ ಹೆಚ್ಚಿನ ಸ್ಥಳವನ್ನು ಕೊಡುತ್ತೇನೆ.

ನಾನು ಕಥೋಲಿಕನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯಾಲಂಕಾರಗಳನ್ನು ಓದಿ, ಈ ಪ್ರಾಂತದಲ್ಲಿ ಉಪಾಧ್ಯಾಯನಾಗಿದ್ದು ನಿವೃತ್ತನಾದವನು. ಪರರ ಮತದ ವಿಷಯದಲ್ಲಿ ನಿನಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಗಣಿಯ ಲೈನುಗಳಿಂದ ಬಂದ ಕಥೋಲಿಕ ಮಕ್ಕಳು ಹಿಂದೂ ಮಕ್ಕಳೊಡನೆ ಒಂದೇ ಹಲಗೆಯ ಮೇಲೆ ಕುಳಿತು ನನ್ನಲ್ಲಿ ಕನ್ನಡವನ್ನು ಕಲಿತಿದ್ದಾರೆ. ವಿಜಯಮಾತೆಯ ದೇವಾಲಯದ ಗಂಟೆಯೂ ಮಾರಿಯಮ್ಮನ ಗುಡಿಯ ಉಡುಕ್ಕೆಯ ಸದ್ದೂ ಒಂದೇ ಗಾಳಿಯಲ್ಲಿ ಕೇಳಿಬರುವ ಊರು ಇದು. ಇಲ್ಲಿಯ ಮಕ್ಕಳು ಏನನ್ನು ಓದುತ್ತಾರೆಂಬುದು ಊರಿನ ಪ್ರಶ್ನೆ. ಅಲ್ಲದೆ ನಾನು ನನ್ನ ಮತದ ಗ್ರಂಥಗಳಿಂದ ಅವರಿಗೆ ತೀರ್ಪು ಹೇಳಹೊರಟವನಲ್ಲ. ಅವರ ಗ್ರಂಥಗಳನ್ನೇ ಮುಂದಿಟ್ಟು ವಾದಿಸುತ್ತೇನೆ.

ಈಗ ಪೂರ್ವಪಕ್ಷ. ಬೈಬಲಿನ ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವು ಕಣಿ, ಮಾಟ, ಮಂತ್ರ, ಪ್ರೇತಾವಾಹನಗಳನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. 1992ರಲ್ಲಿ ಕಥೋಲಿಕ ಧರ್ಮಸಭೆಯು ಹೊರಡಿಸಿದ ಧರ್ಮೋಪದೇಶ ಗ್ರಂಥವೂ ಅದೇ ನಿಷೇಧವನ್ನು ಪುನಃ ಹೇಳಿದೆ. ಹೀಗಿರುವಲ್ಲಿ ಮಂತ್ರದಂಡವನ್ನು ಹಿಡಿದ ಬಾಲಕನನ್ನು ನಾಯಕನನ್ನಾಗಿ ಮಾಡಿದ ಕಥೆಯನ್ನು ಮಗುವಿನ ಕೈಗೆ ಕೊಡುವುದು ನಿಷಿದ್ಧವನ್ನು ಸಿಹಿಮಾಡಿ ತಿನ್ನಿಸಿದಂತಲ್ಲವೇ? 1997ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಹ್ಯಾರಿ ಪಾಟರನ ಕಥೆಗಳ ವಿಷಯದಲ್ಲಿ, ಮುಂದೆ ಪೋಪ್ ಪದವಿಗೇರಿದ ಕಾರ್ಡಿನಲ್ ರಾಟ್ಸಿಂಗರರೇ 2003ರಲ್ಲಿ ಒಬ್ಬ ಜರ್ಮನ್ ಲೇಖಕಿಗೆ ಬರೆದ ಪತ್ರದಲ್ಲಿ ಶಂಕೆಯನ್ನು ಸೂಚಿಸಿರಲಿಲ್ಲವೇ? ಮೇಲಾಗಿ ಎಫೆಸದ ಹೊಸ ವಿಶ್ವಾಸಿಗಳು ತಮ್ಮ ಮಂತ್ರದ ಪುಸ್ತಕಗಳನ್ನು ಬೀದಿಯಲ್ಲಿ ತಂದು ಸುಟ್ಟರೆಂದೂ, ಅವುಗಳ ಬೆಲೆಯು ಐವತ್ತು ಸಾವಿರ ಬೆಳ್ಳಿನಾಣ್ಯವಾಯಿತೆಂದೂ ಪ್ರೇಷಿತರ ಕಾರ್ಯಕಲಾಪಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿಯೇ ಇದೆಯಲ್ಲ? ಆಕ್ಷೇಪವನ್ನು ಇದಕ್ಕಿಂತ ಬಲವಾಗಿ ಹೇಳಲು ನನಗೆ ಬಾರದು.

ಈ ಆಕ್ಷೇಪವು ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ರಾಜಶೇಖರನು ತನ್ನ ಕಾವ್ಯಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಇದನ್ನೇ ಎತ್ತಿಕೊಂಡು ವಿಚಾರಮಾಡಿದ್ದಾನೆ. ಕಾವ್ಯವನ್ನು ಕಲಿಸಬಾರದೆನ್ನುವವರು ಆಗ ಮೂರು ಕಾರಣಗಳನ್ನು ಕೊಡುತ್ತಿದ್ದರು: ಅದು ಸುಳ್ಳನ್ನು ಹೇಳುತ್ತದೆ, ಕೆಟ್ಟುದನ್ನು ಕಲಿಸುತ್ತದೆ, ಅಸಭ್ಯವನ್ನು ಆಡುತ್ತದೆ. ಮೊದಲನೆಯದಕ್ಕೆ ರಾಜಶೇಖರನ ಉತ್ತರವೇನೆಂದರೆ, ಇಂಥ ಮಾತು ಕಾವ್ಯದಲ್ಲಿ ಮಾತ್ರವಲ್ಲ, ವೇದದಲ್ಲಿಯೂ ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ ಇದೆ. ಅದು ಅರ್ಥವಾದವೇ ಹೊರತು ಅಸತ್ಯವಲ್ಲ. ಎರಡನೆಯದಕ್ಕೆ ಅವನು ಕೊಟ್ಟ ಉತ್ತರವು ಇನ್ನೂ ಮಾರ್ಮಿಕವಾಗಿದೆ. ಕಥೆಯಲ್ಲಿ ಕೆಟ್ಟುದು ಬರುವುದು ದಿಟ. ಆದರೆ ಮಾಡತಕ್ಕದ್ದೆಂದಲ್ಲ, ಬಿಡತಕ್ಕದ್ದೆಂದು. ವಿಧಿಯಾಗಿ ಬರುವುದು ಬೇರೆ, ನಿಷೇಧ್ಯವಾಗಿ ಬರುವುದು ಬೇರೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೇಲಿನ ಪೂರ್ವಪಕ್ಷದ ಅರ್ಧವು ತಾನಾಗಿಯೇ ಕರಗುತ್ತದೆ.

ಧರ್ಮೋಪದೇಶಕಾಂಡವು ನಿಷೇಧಿಸಿರುವುದು ಮಂತ್ರಪ್ರಯೋಗವನ್ನು, ಮಂತ್ರವಾದಿಯ ಕಥೆಯನ್ನಲ್ಲ. ಕಥೆಯನ್ನೇ ನಿಷೇಧಿಸಿದ್ದರೆ ಬೈಬಲಿನಿಂದಲೇ ಎಷ್ಟೋ ಪುಟಗಳನ್ನು ಹರಿಯಬೇಕಾಗುತ್ತಿತ್ತು. ಫರೋಹನ ಆಸ್ಥಾನದ ಮಾಂತ್ರಿಕರು ತಮ್ಮ ಕೋಲುಗಳನ್ನು ಸರ್ಪಗಳನ್ನಾಗಿ ಮಾಡಿದುದು ವಿಮೋಚನಕಾಂಡದಲ್ಲಿದೆ. ಏಂದೋರಿನ ಪ್ರೇತವಾದಿನಿಯ ಬಳಿಗೆ ಸೌಲರಾಜನು ಮಾರುವೇಷದಲ್ಲಿ ರಾತ್ರಿ ಹೋಗಿ ಸಮುವೇಲನನ್ನು ಎಬ್ಬಿಸಿದುದು ಸಮುವೇಲನ ಮೊದಲನೆಯ ಗ್ರಂಥದಲ್ಲಿದೆ. ಇದಕ್ಕಿಂತ ಮೈನವಿರೇಳಿಸುವ ಪ್ರಸಂಗವು ಬೇತಾಳಪಂಚವಿಂಶತಿಯಲ್ಲಿ ಇಲ್ಲ. ಅದನ್ನು ಓದಿದ ಮಗುವು ಪ್ರೇತವಾದಿನಿಯಾಗಬೇಕೆಂದು ಹಂಬಲಿಸುವುದೇ? ದೇವರು ಕೈಬಿಟ್ಟ ರಾಜನ ದೈನ್ಯವನ್ನು ಕಂಡು ನಡುಗುತ್ತದೆ; ಆ ನಡುಕವೇ ಅಲ್ಲಿಯ ಉಪದೇಶ.

ಎಫೆಸದ ಮಾತಿಗೆ ಬರೋಣ. ಅಲ್ಲಿ ಸುಟ್ಟ ಪುಸ್ತಕಗಳು ಯಾವುವು? ಮಂತ್ರಪ್ರಯೋಗವನ್ನು ಹೇಳಿಕೊಡುವ ಕೈಪಿಡಿಗಳು. ಸುಟ್ಟವರು ಯಾರು? ಆ ಪ್ರಯೋಗವನ್ನು ಮಾಡುತ್ತಿದ್ದವರೇ, ತಾವಾಗಿ ತಂದು. ಮಕ್ಕಳು ಓದುತ್ತಿದ್ದ ಕಥೆಯ ಪುಸ್ತಕವನ್ನು ಮತ್ತೊಬ್ಬರು ಕಸಿದು ಸುಟ್ಟರೆಂದು ಅಲ್ಲಿ ಇಲ್ಲ. ವಿಷದ ಸೀಸೆಯನ್ನು ಒಡೆದುದನ್ನು ನೆವಮಾಡಿಕೊಂಡು, ವಿಷಕಂಠನ ಕಥೆಯನ್ನು ಹೇಳಕೂಡದೆಂದು ವಾದಿಸುವುದು ಯಾವ ನ್ಯಾಯ?

ಇನ್ನು ಮಾತನಾಡುವ ಮೃಗಗಳೂ ಮರಗಳೂ ಸುಳ್ಳು, ಸುಳ್ಳು ಪಾಪ ಎನ್ನುವವರಿಗೆ ಒಂದೇ ಪ್ರಶ್ನೆ. ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೋತಾಮನು ಬೆಟ್ಟದ ಮೇಲೆ ನಿಂತು ಜನಕ್ಕೆ ಹೇಳಿದ ಕಥೆ ಯಾವುದು? ಮರಗಳು ತಮಗೊಬ್ಬ ಅರಸನು ಬೇಕೆಂದು ಹೊರಟು, ಎಣ್ಣೆಮರವನ್ನೂ ಅಂಜೂರವನ್ನೂ ದ್ರಾಕ್ಷಿಯನ್ನೂ ಬೇಡಿ, ಕೊನೆಗೆ ಮುಳ್ಳುಪೊದೆಗೆ ಪಟ್ಟಗಟ್ಟಲು ಹೋದ ಕಥೆಯದು. ದಾವೀದರಾಜನ ಪಾಪವನ್ನು ಅವನಿಗೆ ಮನಗಾಣಿಸಲು ಪ್ರವಾದಿ ನಾತಾನನು ಆಯ್ದುಕೊಂಡ ಉಪಾಯ ಯಾವುದು? ಬಡವನ ಒಂದೇ ಒಂದು ಕುರಿಮರಿಯ ಕಥೆ. ಕಟ್ಟುಕಥೆಯನ್ನು ಕೇಳಿ ಕೋಪಗೊಂಡ ರಾಜನು ಆ ಕೋಪದಿಂದಲೇ ತನ್ನನ್ನು ತಾನು ಕಂಡುಕೊಂಡನು. ಆಜ್ಞೆಯು ಮಾಡಲಾರದ ಕೆಲಸವನ್ನು ಕಥೆಯು ಮಾಡಿತು. ನಮ್ಮ ಮಮ್ಮಟನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ ಎಂದು ಉಪದೇಶವನ್ನು ಮೂರಾಗಿ ವಿಭಾಗಿಸಿ, ಕಾವ್ಯದ್ದು ಮೂರನೆಯ ಬಗೆಯೆಂದು ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಸಂಸ್ಕೃತದಲ್ಲಿಯೂ ನಾನು ಕಾಣೆ. ಯೇಸುಸ್ವಾಮಿಯೂ ಉಪದೇಶಕ್ಕೆ ಸಾಮತಿಗಳನ್ನು ಆಯ್ದುಕೊಂಡದ್ದು ಎಲ್ಲರಿಗೂ ತಿಳಿದಿದೆ.

ಇದು ಶ್ರುತಿಯ ಮಾತಾಯಿತು. ಆಚಾರ್ಯರ ಮಾತನ್ನೂ ನೋಡೋಣ. ನಾಲ್ಕನೆಯ ಶತಮಾನದ ಸಂತ ಬೆಸಿಲರು ತರುಣರನ್ನು ಕುರಿತು, ಕ್ರೈಸ್ತರಲ್ಲದ ಗ್ರೀಕರ ಕಾವ್ಯಗಳನ್ನು ಹೇಗೆ ಓದಬೇಕೆಂಬುದನ್ನೇ ವಿಷಯವಾಗಿಟ್ಟುಕೊಂಡು ಒಂದು ಪ್ರಬಂಧವನ್ನು ರಚಿಸಿದ್ದಾರೆ. ಜೇನ್ನೊಣವು ಎಲ್ಲ ಹೂಗಳ ಬಳಿಗೂ ಒಂದೇ ಸಮನಾಗಿ ಹೋಗುವುದಿಲ್ಲ. ಹೋದಲ್ಲಿಯೂ ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ. ಹಾಗೆ ಓದಿರಿ ಎಂಬುದು ಅವರ ಬೋಧೆಯ ಸಾರ. ಮೋಶೆಯು ಐಗುಪ್ತದ ವಿದ್ಯೆಯನ್ನೂ ದಾನಿಯೇಲನು ಕಲ್ದೀಯರ ವಿದ್ಯೆಯನ್ನೂ ಕಲಿತುದನ್ನು ಅವರು ನಿದರ್ಶನವಾಗಿ ಕೊಡುತ್ತಾರೆ. ಸಂತ ಜೆರೋಮರು ಕನಸಿನಲ್ಲಿ ದೇವರ ನ್ಯಾಯಾಸನದ ಮುಂದೆ ನಿಂತು, ನೀನು ಕ್ರಿಸ್ತನವನಲ್ಲ, ಸಿಸಿರೋವಿನವನೆಂದು ಏಟು ತಿಂದ ಕಥೆಯನ್ನು ಪೂರ್ವಪಕ್ಷಿಗಳು ಎತ್ತಿಯಾರು. ಆದರೆ ಅದೇ ಜೆರೋಮರು ಅನಂತರ ಬರೆದ ಪತ್ರಗಳಲ್ಲಿ ಪುರಾತನ ಕವಿಗಳ ಮಾತು ತುಂಬಿಕೊಂಡಿದೆ. ಹಾಗೇಕೆಂದು ಕೇಳಿದವರಿಗೆ ಅವರು ವಿಸ್ತಾರವಾಗಿ ಸಮಾಧಾನವನ್ನೂ ಬರೆದಿದ್ದಾರೆ.

ಇದಕ್ಕಿಂತಲೂ ಸೋಜಿಗವಾದುದೊಂದಿದೆ. ಬರ್ಲಾಮ್ ಮತ್ತು ಜೋಸಫಾತ್ ಎಂಬಿಬ್ಬರು ಸಂತರ ಹೆಸರು ರೋಮಿನ ಸಂತರ ಪಟ್ಟಿಯಲ್ಲಿ ನವೆಂಬರ್ 27ನೆಯ ದಿನಕ್ಕೆ ಬಹುಕಾಲ ಇದ್ದಿತು. ರಾಜಕುಮಾರನೊಬ್ಬನನ್ನು ದುಃಖವೇ ಕಾಣದಂತೆ ಅರಮನೆಯಲ್ಲಿ ಬೆಳೆಸಿದರು. ಅವನು ಹೊರಗೆ ಬಂದು ರೋಗಿಯನ್ನೂ ಮುದುಕನನ್ನೂ ಕಂಡು, ಮರಣದ ಮಾತನ್ನು ತಿಳಿದು, ವಿರಕ್ತನಾದನು. ವಾಚಕರು ಈ ರಾಜಕುಮಾರನನ್ನು ಗುರುತಿಸಿರಬಹುದು. ಅವನು ನಮ್ಮ ಶಾಕ್ಯಕುಲದ ಸಿದ್ಧಾರ್ಥನೇ. ಬೋಧಿಸತ್ತ್ವನೆಂಬ ಶಬ್ದವೇ ಅರಬ್ಬಿ, ಜಾರ್ಜಿಯ, ಗ್ರೀಕ್ ಬಾಯಿಗಳಲ್ಲಿ ಸವೆದು ಜೋಸಫಾತನೆಂದಾಯಿತೆಂದು ವಿದ್ವಾಂಸರು ತೋರಿಸಿದ್ದಾರೆ. ಪಂಚತಂತ್ರವೂ ಹೀಗೆಯೇ ಪಹ್ಲವಿ, ಅರಬ್ಬಿ, ಹೀಬ್ರೂಗಳನ್ನು ದಾಟಿ, ಹದಿಮೂರನೆಯ ಶತಮಾನದಲ್ಲಿ, ಯೆಹೂದ್ಯಮತದಿಂದ ಕ್ರೈಸ್ತನಾದ ಕಾಪುವಾದ ಜಾನನಿಂದ ಲ್ಯಾಟಿನಿಗೆ ಬಂದು ಯೂರೋಪನ್ನೆಲ್ಲ ಸುತ್ತಿತು. ಅದಕ್ಕೂ ಮೊದಲೇ, 1031ರಲ್ಲಿ, ನಮ್ಮ ದುರ್ಗಸಿಂಹನು ಅದನ್ನು ಕನ್ನಡದಲ್ಲಿ ಹೇಳಿದ್ದನು. ಒಂದು ಕಾಲದಲ್ಲಿ ಕಥೋಲಿಕ ಯೂರೋಪು ಬುದ್ಧನ ಕಥೆಯನ್ನು ತಿಳಿಯದೆಯೇ ಸಂತನ ಕಥೆಯಾಗಿ ಎದೆಗವಚಿಕೊಂಡಿತು. ಅದರಿಂದ ಅದರ ವಿಶ್ವಾಸವು ಕುಂದಲಿಲ್ಲ. ಈಗ ಚಾಂಪಿಯನ್ ರೀಫ್ಸಿನ ಒಂದು ಮಗುವು ಎರಡು ನರಿಗಳ ಸಂಭಾಷಣೆಯನ್ನು ಓದಿದರೆ ಕುಂದೀತೇ?

ನಮ್ಮ ಲೈನುಗಳಲ್ಲಿ ಮನೆಮಾತು ಬಹುಮಟ್ಟಿಗೆ ತಮಿಳಾದುದರಿಂದ ವೀರಮಾಮುನಿವರ ಹೆಸರನ್ನು ಇಲ್ಲಿ ಹೇಳದಿರಲಾಗದು. ಇಟಲಿಯಲ್ಲಿ 1680ರಲ್ಲಿ ಹುಟ್ಟಿ 1747ರಲ್ಲಿ ತೀರಿಕೊಂಡ ಬೆಸ್ಕಿ ಎಂಬ ಈ ಯೇಸುಸಭೆಯ ಪಾದ್ರಿಯು ತಮಿಳನ್ನು ಪಂಡಿತರು ಬೆರಗಾಗುವಂತೆ ಕಲಿತು, ಸಂತ ಜೋಸೆಫರ ಚರಿತೆಯನ್ನು ತೇಂಬಾವಣಿಯೆಂಬ 3600ಕ್ಕೂ ಮಿಕ್ಕ ಪದ್ಯಗಳ ಮಹಾಕಾವ್ಯವಾಗಿ ಹಾಡಿದನು. ಅದೇ ಲೇಖನಿಯಿಂದಲೇ ಪರಮಾರ್ಥಗುರುವೂ ಅವನ ಐವರು ಮಂಕುಶಿಷ್ಯರೂ ಹೊರಟರು. ಹೊಳೆಯು ನಿದ್ರಿಸುತ್ತಿದೆಯೇ ಎಂದು ಕೊಳ್ಳಿಯನ್ನಿಟ್ಟು ನೋಡಿದವರು, ತನ್ನನ್ನು ಬಿಟ್ಟು ಎಣಿಸಿ ಒಬ್ಬನು ಕೊಚ್ಚಿಹೋದನೆಂದು ಅತ್ತವರು, ಕುಂಬಳಕಾಯನ್ನು ಕುದುರೆಯ ಮೊಟ್ಟೆಯೆಂದು ಕೊಂಡವರು ಇವರೇ. ಈ ಕಥೆಗೆ ನಗದ ಮಗುವು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಮಹಾಕಾವ್ಯವನ್ನು ಬರೆದ ಪಾದ್ರಿಗೆ ಕುದುರೆಯ ಮೊಟ್ಟೆಯು ತನ್ನ ದೀಕ್ಷೆಗೆ ಕಳಂಕವೆಂದು ತೋರಲಿಲ್ಲ. ಅವನಿಗೆ ಇಲ್ಲದ ಮಡಿ ನಮ್ಮ ಗೃಹಸ್ಥರಿಗೆ ಎಲ್ಲಿಂದ ಬಂದಿತು?

ಹಳೆಯ ಮಾತು ಸಾಕು, ಹೊಸದನ್ನು ಹೇಳೆನ್ನುವವರಿಗೆ ಟೋಲ್ಕಿನ್ ಪಂಡಿತನ ವೃತ್ತಾಂತವನ್ನು ಹೇಳುತ್ತೇನೆ. ಇಂದು ಲೋಕದಲ್ಲೆಲ್ಲ ಅದ್ಭುತಕಥೆಯೆಂದರೆ ಮೊದಲು ನೆನಪಾಗುವ ಹೆಸರು ಅವನದು. ಅವನ ತಾಯಿಯು 1900ರಲ್ಲಿ ಕಥೋಲಿಕಳಾದಳು. ಅದರಿಂದ ಬಂಧುಗಳ ನೆರವನ್ನು ಕಳೆದುಕೊಂಡು ಬಡತನದಲ್ಲಿ 1904ರಲ್ಲಿ ತೀರಿಕೊಂಡಳು. ಹನ್ನೆರಡು ವರ್ಷದ ಆ ಅನಾಥನಿಗೂ ಅವನ ತಮ್ಮನಿಗೂ ಪೋಷಕನಾಗಿ ನಿಂತವನು ಬರ್ಮಿಂಗ್‌ಹ್ಯಾಮಿನ ಫ್ರಾನ್ಸಿಸ್ ಮಾರ್ಗನ್ ಎಂಬ ಕಥೋಲಿಕ ಪಾದ್ರಿ. ಇಂಥ ವಿಶ್ವಾಸದಲ್ಲಿ ಬೆಳೆದು, ಅದನ್ನು ಕೊನೆಯವರೆಗೂ ಬಿಡದ ಪುರುಷನೇ ತನ್ನ ಮಕ್ಕಳಿಗೆ ಹೇಳಿದ ಕಥೆಯನ್ನು 1937ರಲ್ಲಿ 'ಹಾಬಿಟ್' ಎಂದೂ, ಆಮೇಲೆ 1954-55ರಲ್ಲಿ ಮೂರು ಸಂಪುಟಗಳ 'ಲಾರ್ಡ್ ಆಫ್ ದಿ ರಿಂಗ್ಸ್' ಎಂದೂ ಅಚ್ಚುಹಾಕಿಸಿದನು. ಎರಡನೆಯದು ಮೂಲತಃ ಕಥೋಲಿಕ ಕೃತಿಯೆಂದು ಅವನೇ ತನ್ನ ಮಿತ್ರನಾದ ಪಾದ್ರಿಯೊಬ್ಬನಿಗೆ ಬರೆದಿದ್ದಾನೆ. ಅಲ್ಲಿ ದೇವಾಲಯವಿಲ್ಲ, ಪೂಜೆಯಿಲ್ಲ. ಆದರೆ ಸರ್ವಶಕ್ತಿಯನ್ನು ಕೊಡುವ ಉಂಗುರವು ಕೈಗೆ ಬಂದಾಗ ಅದನ್ನು ಧರಿಸುವುದಲ್ಲ, ನಾಶಮಾಡುವುದೇ ಧರ್ಮವೆಂಬ ತತ್ತ್ವದ ಮೇಲೆ ಇಡಿಯ ಕಥೆಯು ನಿಂತಿದೆ. ಮಾಟಮಂತ್ರದ ಆಸೆಗೆ ಇದಕ್ಕಿಂತ ಬಲವಾದ ಮದ್ದು ಯಾವ ಧರ್ಮೋಪದೇಶದಲ್ಲಿದೆ?

ಅವನು 1939ರಲ್ಲಿ ಅದ್ಭುತಕಥೆಗಳ ವಿಷಯವಾಗಿ ಕೊಟ್ಟ ಉಪನ್ಯಾಸದ ತಾತ್ಪರ್ಯವು ಆಲಂಕಾರಿಕರ ಮತಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮನುಷ್ಯನು ಸೃಷ್ಟಿಕರ್ತನ ಪ್ರತಿರೂಪವಾಗಿ ಸೃಷ್ಟನಾದುದರಿಂದ ಅವನಿಗೂ ಒಂದು ಉಪಸೃಷ್ಟಿಯ ಅಧಿಕಾರವಿದೆಯೆಂದು ಟೋಲ್ಕಿನನು ಹೇಳುತ್ತಾನೆ. ಕಾವ್ಯಲೋಕಕ್ಕೆ ಕವಿಯೇ ಪ್ರಜಾಪತಿಯೆಂಬ ಮಾತು ಧ್ವನ್ಯಾಲೋಕವನ್ನು ಓದಿದವರಿಗೆ ಹೊಸದಲ್ಲ. ಕಾವ್ಯದಲ್ಲಿ ತೋರುವ ಅರ್ಥವು ಲೋಕದೃಷ್ಟಿಯಿಂದ ಸತ್ಯವೋ ಅಸತ್ಯವೋ ಎಂಬ ಪರೀಕ್ಷೆಯು ನಿಷ್ಪ್ರಯೋಜಕವೆಂದು ಆನಂದವರ್ಧನನು ತೀರ್ಮಾನಿಸಿದ್ದಾನೆ. ಅಭಿನವಗುಪ್ತನು ರಸಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳುವುದು ಸಂಭಾವನಾವಿರಹವನ್ನು. ಎಂದರೆ, ಇದು ನಡೆಯುವಂಥದಲ್ಲವೆಂಬ ಅಪನಂಬಿಕೆಯನ್ನು. ಸಮುದ್ರಲಂಘನದಂಥ ಲೋಕೋತ್ತರವಾದ ಕಾರ್ಯವನ್ನು ಸಾಮಾನ್ಯ ಮನುಷ್ಯನ ಮೇಲೆ ಹೊರಿಸಿದರೆ ಮನಸ್ಸು ಒಪ್ಪದು. ಚಿರಪರಿಚಯದಿಂದ ಶ್ರದ್ಧೆ ಬೇರೂರಿದ ಹೆಸರಿನ ಮೇಲೆ ಹೊರಿಸಿದರೆ ಒಪ್ಪುತ್ತದೆ. ಹಾಗೆ ಒಪ್ಪುವ ಶಕ್ತಿಯು ಭ್ರಾಂತಿಯಲ್ಲ, ಅದೊಂದು ಸಂಸ್ಕಾರ. ಹನುಮಂತನು ಸಮುದ್ರವನ್ನು ಹಾರಿದನೆಂದು ಕೇಳಿದ ಮಗುವು ಬೇತಮಂಗಲದ ಕೆರೆಯನ್ನು ಹಾರಲು ಹೋಗುವುದಿಲ್ಲ. ಕಥೆಯ ನಿಜಕ್ಕೂ ಬೀದಿಯ ನಿಜಕ್ಕೂ ಇರುವ ಅಂತರವು ಮಗುವಿಗೆ ತಿಳಿದಿದೆ; ತಿಳಿಯದಿರುವುದು ಆಕ್ಷೇಪಿಸುವ ದೊಡ್ಡವರಿಗೆ.

ಇನ್ನು ರಾಟ್ಸಿಂಗರರ ಪತ್ರದ ಮಾತು. ಅದು ಖಾಸಗಿಯಾಗಿ ಬರೆದ ಸೌಜನ್ಯದ ಪತ್ರ, ಧರ್ಮಸಭೆಯ ಶಾಸನವಲ್ಲ. ಆಕ್ಷೇಪವಿಲ್ಲದವರ ಮಾತೂ ರೋಮಿನಿಂದಲೇ ಬಂದಿದೆ: ವ್ಯಾಟಿಕನ್ನಿನ ಪತ್ರಿಕೆಯೇ 2009ರಲ್ಲಿ ಆ ಬಾಲಕನ ಆರನೆಯ ಚಲನಚಿತ್ರವನ್ನು, ಅದರಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಗೆರೆಯು ಸ್ಪಷ್ಟವಾಗಿದೆಯೆಂದು ಹೊಗಳಿತು. ಓದಬಾರದ ಪುಸ್ತಕಗಳ ಪಟ್ಟಿಯನ್ನು ಶತಮಾನಗಳ ಕಾಲ ಕಾಯ್ದುಕೊಂಡು ಬಂದ ಧರ್ಮಸಭೆಯು 1966ರಲ್ಲಿ ಆ ಪಟ್ಟಿಯ ಶಾಸನಬಲವನ್ನೇ ತೆಗೆದುಹಾಕಿ, ವಿವೇಚನೆಯ ಭಾರವನ್ನು ವಿಶ್ವಾಸಿಗಳ ಅಂತಃಕರಣಕ್ಕೆ ಒಪ್ಪಿಸಿತು. ರೋಮು ಮುಚ್ಚಿದ ಪಟ್ಟಿಯನ್ನು ನಮ್ಮ ಮನೆಗಳಲ್ಲಿ ಮರಳಿ ತೆರೆಯುವುದೇಕೆ?

ಎರಡನೆಯ ಬಗೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಳೆದ ವರ್ಷ ನಾವು ಕೆಲವರು ಸೇರಿ ನೆರೆಯ ಮಕ್ಕಳಿಗಾಗಿ ಒಂದು ಕಪಾಟು ಕಥೆಯ ಪುಸ್ತಕಗಳನ್ನು ಕೂಡಿಸಿದೆವು. ವಾರ ಕಳೆಯುವುದರೊಳಗೆ ವಿಕ್ರಮ-ಬೇತಾಳದ ಪುಸ್ತಕವು ಒಂದು ಕಥೋಲಿಕ ಮನೆಯಿಂದ ಹಿಂದಿರುಗಿತು. ಸಂತ ಜಾರ್ಜನು ಘಟಸರ್ಪವನ್ನು ಕೊಂದ ಕಥೆಯು ಒಂದು ಬ್ರಾಹ್ಮಣರ ಮನೆಯಿಂದ ಹಿಂದಿರುಗಿತು. ಒಬ್ಬರದನ್ನು ಒಬ್ಬರು ಹಿಂದಿರುಗಿಸಿದುದು ತಿಳಿದಾಗ ಇಬ್ಬರಿಗೂ ಪರಸ್ಪರ ಕೋಪ ಬಂದುದೇ ಅದರಲ್ಲಿಯ ಹಾಸ್ಯ. ಹದಿಮೂರನೆಯ ಶತಮಾನದಲ್ಲಿ ಜೆನೋವದ ಆರ್ಚ್‌ಬಿಷಪ್ಪನೊಬ್ಬನು ಸಂಗ್ರಹಿಸಿದ ಸುವರ್ಣಚರಿತೆಯಲ್ಲಿ ಆ ಘಟಸರ್ಪವಿದೆ. ಅದಕ್ಕೆ ದಿನಕ್ಕೊಂದು ಆಹಾರವನ್ನು ಕಳುಹಿಸುವ ಪಟ್ಟಣವಿದೆ. ಸರದಿ ಬಂದ ರಾಜಪುತ್ರಿಯಿದ್ದಾಳೆ. ನಮ್ಮ ಬಕಾಸುರನ ಕಥೆಯನ್ನು ಬಲ್ಲ ಮಗುವಿಗೆ ಇದು ಪರಕೀಯವೆನ್ನಿಸೀತೇ? ಏಕಚಕ್ರಪುರದ ಬ್ರಾಹ್ಮಣನ ಮನೆಯಲ್ಲಿ ಕೇಳಿಬಂದ ಅಳುವೇ ಅಲ್ಲಿಯೂ ಕೇಳಿಬರುತ್ತದೆ. ಎರಡನ್ನೂ ಓದಿದ ಮಗುವು ನೆರೆಮನೆಯವರೂ ತನ್ನಂತೆಯೇ ಹೆದರಿ, ತನ್ನಂತೆಯೇ ಬಿಡುಗಡೆಯನ್ನು ಬಯಸಿದವರೆಂದು ತಿಳಿಯುತ್ತದೆ. ಒಂದನ್ನೇ ಓದಿದ ಮಗುವಿಗೆ ಆ ತಿಳಿವು ಬರುವ ದಾರಿ ಯಾವುದು? ಗಣಿಯ ಕಾಲದಲ್ಲಿ ಬಂಡೆ ಸಿಡಿದು ಅಪಾಯದ ಸುದ್ದಿ ಬಂದಾಗ ಲೈನಿನ ಹೆಂಗಸರೆಲ್ಲರೂ ಮತಭೇದವಿಲ್ಲದೆ ಒಟ್ಟಾಗಿ ಕಾಯುತ್ತಿದ್ದರು. ಆ ಬದುಕಿನ ಮೊಮ್ಮಕ್ಕಳಿಗೆ ನಾವು ಕಥೆಯಲ್ಲಿ ಗೋಡೆ ಕಟ್ಟುತ್ತಿದ್ದೇವೆ.

ಮೂರನೆಯವರಾದ ಪರೀಕ್ಷಾಭಕ್ತರು ಕಲ್ಪನೆಯಿಂದ ಹೊಟ್ಟೆ ತುಂಬದೆನ್ನುತ್ತಾರೆ. ಅವರ ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಯು ಮುಚ್ಚಿದ ಮೇಲೆ ಈ ಊರಿನ ತಂದೆತಾಯಿಗಳು ನಸುಕಿನಲ್ಲಿ ಮಾರಿಕುಪ್ಪದ ರೈಲನ್ನು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವುದನ್ನು ನಿತ್ಯವೂ ನೋಡುತ್ತಿದ್ದೇನೆ. ಮಕ್ಕಳಿಗೆ ಬೇಗ ಒಂದು ಉದ್ಯೋಗವಾಗಲೆಂದು ಅವರು ಹಾರೈಸುವುದು ಸಹಜ. ಆದರೆ ಕಥೆಯನ್ನು ಕಿತ್ತುಕೊಂಡರೆ ಉದ್ಯೋಗ ಬರುವುದೆಂಬುದಕ್ಕೆ ಆಧಾರವೇನು? ಓದಿನ ರುಚಿಯೇ ಹತ್ತದ ಮಗುವು ಪಠ್ಯಪುಸ್ತಕವನ್ನು ಮಾತ್ರ ಪ್ರೀತಿಯಿಂದ ಓದೀತೆಂಬುದು ವ್ಯಾಮೋಹ. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ, ಬಂಡೆಯ ಶಾಖವು 60 ಡಿಗ್ರಿಯನ್ನು ಮೀರಿದ ಕತ್ತಲೆಗೆ, ಮನುಷ್ಯರು ದಿನವೂ ಇಳಿದು ಬಂದ ಊರಿದು. ಪಾತಾಳವೆಂಬುದು ಬರಿಯ ಸುಳ್ಳೆಂದು ಈ ಊರಿನ ಮಗುವಿಗೆ ಹೇಳುವ ಧೈರ್ಯ ಯಾರಿಗಿದೆ? ಆ ಪಾತಾಳದಲ್ಲಿಯೇ, ಚಾಂಪಿಯನ್ ರೀಫ್ ಗಣಿಯ ಸುಮಾರು 2300 ಮೀಟರು ಆಳದಲ್ಲಿ, 1965ರಲ್ಲಿ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡುಗಳ ವಿದ್ವಾಂಸರೊಡನೆ ಕೂಡಿ, ಭೂಮಿಯನ್ನೇ ತೂರಿಬರುವ ನ್ಯೂಟ್ರಿನೊ ಎಂಬ ಅದೃಶ್ಯ ಕಣದ ಗುರುತನ್ನು ಹಿಡಿದರು. ಕಣ್ಣಿಗೆ ಕಾಣದುದನ್ನು ಮನಸ್ಸಿನಲ್ಲಿ ಮೊದಲು ಕಾಣಬಲ್ಲವನು ಮಾತ್ರ ಅದನ್ನು ಹುಡುಕಲು ಇಳಿದಾನು. ಆ ಕಾಣುವ ಅಭ್ಯಾಸವು ಮೊದಲಾಗುವುದು ಅಜ್ಜಿಯ ತೊಡೆಯ ಮೇಲೆ.

ಹಾಗಾದರೆ ಎಲ್ಲ ಕಥೆಯೂ ಒಳ್ಳೆಯದೇ? ಅಲ್ಲ. ಆಕ್ಷೇಪಿಸುವವರ ಎಚ್ಚರವನ್ನು ನಾನು ಗೌರವಿಸುತ್ತೇನೆ. ಅವರು ಹಿಡಿದ ಒರೆಗಲ್ಲು ಸರಿಯಿಲ್ಲವೆನ್ನುತ್ತೇನೆ. ಮಂತ್ರವಿದೆಯೇ ಇಲ್ಲವೇ ಎಂದು ನೋಡಬೇಡಿ. ಕೇಡು ಕೇಡಾಗಿಯೇ ತೋರುತ್ತದೆಯೇ? ಪಡೆದ ಶಕ್ತಿಗೆ ತೆರಬೇಕಾದ ಬೆಲೆಯು ಕಥೆಯಲ್ಲಿದೆಯೇ? ದುರ್ಬಲನಲ್ಲಿ ಕನಿಕರವಿದೆಯೇ? ಪರರ ನೋವನ್ನು ಚಪ್ಪರಿಸುವಂತೆ ಬರೆದಿದೆಯೇ? ಇವನ್ನು ನೋಡಿ. ಪ್ರೇತಾವಾಹನದ ವಿಧಾನವನ್ನೇ ಕಲಿಸುವ ಹೊತ್ತಗೆಯನ್ನು ಧಾರಾಳವಾಗಿ ಹೊರಹಾಕಿ. ಎಫೆಸದ ದೃಷ್ಟಾಂತವು ಸಲ್ಲುವುದು ಅಲ್ಲಿ. ಪವಾಡಕ್ಕೂ ಮಾಟಕ್ಕೂ ಇರುವ ಭೇದವನ್ನು ಮಗುವಿಗೆ ತಿಳಿಸಿಕೊಡಿ: ವೇಳಾಂಗಣಿಗೆ ನಡೆದುಹೋಗುವ ಭಕ್ತನು ಬೇಡುತ್ತಾನೆ, ಮಾಂತ್ರಿಕನು ಆಜ್ಞಾಪಿಸುತ್ತಾನೆ. ಈ ಭೇದವು ಹೆಚ್ಚು ಸ್ಪಷ್ಟವಾಗುವುದು ಕಥೆಗಳನ್ನು ಓದಿದ ಮಗುವಿಗೇ. ಮಗುವು ಹೆದರುವುದೆಂದು ಕಥೆಯನ್ನು ಮುಚ್ಚಿಡುವವರಿಗೆ 1922ರಲ್ಲಿ ಕಥೋಲಿಕನಾದ ಚೆಸ್ಟರ್ಟನ್ ಎಂಬ ಆಂಗ್ಲ ಲೇಖಕನು ಉತ್ತರ ಕೊಟ್ಟಿದ್ದಾನೆ. ಭಯವು ಮಗುವಿನಲ್ಲಿ ಕಥೆಗಿಂತ ಮುಂಚೆಯೇ ಇದೆ. ಕಥೆಯು ತಂದುಕೊಡುವುದು ಭಯವನ್ನು ಗೆಲ್ಲುವ ವೀರನನ್ನು ಎಂಬುದು ಅವನ ಅಭಿಪ್ರಾಯ.

ಪುಸ್ತಕವನ್ನು ಪ್ರೀತಿಸುವ ಮಕ್ಕಳು ಹೇಗೆ ಬೆಳೆಯುತ್ತಾರೆ? ಉಪದೇಶದಿಂದ ಬೆಳೆದುದನ್ನು ನಾನು ಕಂಡಿಲ್ಲ. ನಮ್ಮ ಜಿಲ್ಲೆಯ ಆವನಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ, ಲವಕುಶರು ಅಲ್ಲಿಯೇ ಹುಟ್ಟಿದರೆಂದೂ ಸ್ಥಳಪುರಾಣವು ಹೇಳುತ್ತದೆ. ಆ ಬಾಲಕರಿಗೆ ಗುರುವು ಮೊದಲು ಕಥೆಯನ್ನು ಕಿವಿಗೆ ತುಂಬಿದನು. ಅವರು ಅದನ್ನು ಹಾಡಿದರು. ಕಿವಿಯೇ ಮೊದಲ ಪುಸ್ತಕ. ಆದುದರಿಂದ ರೈಲಿನಿಂದಿಳಿದು ಬಂದ ತಂದೆಗೆ ಆಯಾಸವಾಗಿದ್ದರೂ ಹತ್ತು ನಿಮಿಷ ಗಟ್ಟಿಯಾಗಿ ಓದಲಿ. ಆಗದಿದ್ದರೆ ಅಜ್ಜಿಯು ಹೇಳಲಿ. ಮನೆಮಾತು ತಮಿಳಾದರೆ ತಮಿಳಿನಲ್ಲಿ, ತೆಲುಗಾದರೆ ತೆಲುಗಿನಲ್ಲಿ ಹೇಳಲಿ. ಅದರ ಬೆನ್ನಲ್ಲೇ ಕನ್ನಡದ ಕಥೆ ಬರಲಿ. ಬ್ರೌನಿಂಗನ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ಅವರು ಬೊಮ್ಮನಹಳ್ಳಿಯನ್ನಾಗಿ ಮಾಡಿ ಕಿಂದರಿಜೋಗಿಯನ್ನು ಕುಣಿಸಿದಂತೆ, ಎಲ್ಲ ಭಾಷೆಯ ಕಥೆಗಳೂ ಈ ನೆಲದಲ್ಲಿ ಬೇರುಬಿಡಬಲ್ಲವು. ಕಥೆ ಮುಗಿದೊಡನೆ ಇದರ ನೀತಿಯೇನೆಂದು ಮಗುವಿನ ಕೊರಳನ್ನು ಹಿಡಿಯಬೇಡಿ. ಬೇತಾಳನು ನೀತಿಯನ್ನು ಹೇಳುವುದಿಲ್ಲ, ಪ್ರಶ್ನೆಯನ್ನು ಕೇಳುತ್ತಾನೆ. ತೀರ್ಪನ್ನು ಕೇಳುಗನಿಗೆ ಬಿಡುತ್ತಾನೆ. ಅವನು ನಮ್ಮ ಎಷ್ಟೋ ಉಪಾಧ್ಯಾಯರಿಗಿಂತ ಒಳ್ಳೆಯ ಉಪಾಧ್ಯಾಯ.

ಮಗುವು ತಪ್ಪು ಹಿಡಿದರೆ ಸಂತೋಷಪಡಿ. ಟೋಲ್ಕಿನನು ಕಥೆ ಹೇಳುತ್ತಿದ್ದಾಗ ಅವನ ಚಿಕ್ಕ ಮಗ ಕ್ರಿಸ್ಟೋಫರನು, ಹಿಂದಿನ ಸಲ ಬಾಗಿಲಿನ ಬಣ್ಣವನ್ನು ನೀಲಿಯೆಂದು ಹೇಳಿ ಈಗ ಹಸುರೆನ್ನುತ್ತೀಯಲ್ಲಾ ಎಂದು ತಂದೆಯನ್ನು ತಡೆದನಂತೆ. ತಂದೆಯು ಎದ್ದುಹೋಗಿ ಅದನ್ನು ಗುರುತುಮಾಡಿಕೊಂಡನು. ಆ ಬಾಲಕನೇ ಮುಂದೆ ತಂದೆಯ ಕಥಾಲೋಕದ ನಕ್ಷೆಗಳನ್ನು ಬರೆದು, ತಂದೆಯು ತೀರಿಕೊಂಡ ಮೇಲೆ ಅವನ ಹಸ್ತಪ್ರತಿಗಳನ್ನು ಸಂಪಾದಿಸುವುದರಲ್ಲಿ ತನ್ನ ದೀರ್ಘಾಯುಷ್ಯವನ್ನು ಸವೆಸಿ 2020ರಲ್ಲಿ ತೀರಿಕೊಂಡನು. ಬಾಗಿಲಿನ ಬಣ್ಣವನ್ನು ನೆನಪಿಟ್ಟ ಮಗುವಿಗೆ ಹಸ್ತಪ್ರತಿಯ ಪಾಠಭೇದವು ಕಷ್ಟವಾದೀತೇ?

ಡಿ.ವಿ.ಜಿ. ಅವರೂ ಮಾಸ್ತಿಯವರೂ ಹುಟ್ಟಿದ ಜಿಲ್ಲೆ ನಮ್ಮದು. ಕನ್ನಡದಲ್ಲಿ ಬೇತಾಳನನ್ನು ತಿಂಗಳು ತಿಂಗಳೂ ಮನೆಬಾಗಿಲಿಗೆ ತರುತ್ತಿದ್ದ ಚಂದಮಾಮವು ನಿಂತುಹೋಗಿದೆ. ಅದು ಬಿಟ್ಟ ಬರಿದನ್ನು ಕೈಯಲ್ಲಿ ಹಿಡಿದ ಫೋನು ತುಂಬುತ್ತಿದೆ. ಕಥೆಯ ಪುಸ್ತಕವನ್ನು ಹಿಂದಿರುಗಿಸಿದ ಮನೆಗಳಲ್ಲಿ ಆ ಫೋನಿಗೆ ಆಕ್ಷೇಪವಿಲ್ಲದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ಕಥೋಲಿಕ ಸಹೋದರರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ನಿಮ್ಮ ಬೆಸಿಲರ ಮಾತನ್ನೂ ನಿಮ್ಮ ಬೆಸ್ಕಿಯ ನಗೆಯನ್ನೂ ನಿಮ್ಮ ಮಕ್ಕಳಿಗೆ ದೊರಕಿಸಿಕೊಡಿ. ಹಿಂದೂ ಗೃಹಸ್ಥರಲ್ಲಿಯೂ ಅದೇ ವಿಜ್ಞಾಪನೆ: ರಾಜಶೇಖರನು ಗೆದ್ದ ವಾದವನ್ನು ನೀವಾಗಿ ಸೋಲಬೇಡಿ. ಹಿಂದಿರುಗಿ ಬಂದ ಆ ಎರಡು ಪುಸ್ತಕಗಳು ಕಪಾಟಿನಲ್ಲಿ ಒಂದರ ಪಕ್ಕದಲ್ಲೊಂದು ಇವೆ. ಯಾವ ಮನೆಯ ಮಗುವಾದರೂ ಬಂದು ತೆಗೆದುಕೊಂಡು ಹೋಗಬಹುದು. ಇತ್ಯಲಂ ವಿಸ್ತರೇಣ.